ಯಾರ ಗಡಿಗೆಗೆ ಯಾರ ಕಲ್ಲು

ಒಂದೂರಲ್ಲಿ ಒಂದು ಕೆರೆ ಇತ್ತಂತೆ. ಕೆರೆಗೆ ಒಂದೇ ತೂಬು, ಊರಿಗೆ ಎರಡು ಕೇರಿ. ಮೂರು ವರ್ಷಕ್ಕೊಮ್ಮೆ ಮೇಲ್ಕೇರಿಯಿಂದ ಒಬ್ಬರು, ಕೆಳಕೇರಿಯಿಂದ ಒಬ್ಬರು ನಿಲ್ಲೋರು. ಊರೆಲ್ಲ ಸೇರಿ ಅವರಲ್ಲೊಬ್ಬರನ್ನ ತೂಬು ಕಾಯೋ ನೀರುಗಂಟಿ ಮಾಡೋರು. ಆದರೆ ಕೇರಿ ಪರವಾಗಿ ಯಾರು ನಿಲ್ಲಬೇಕು ಅನ್ನೋದನ್ನ ಆಯಾ ಕೇರಿಯ ಮೂವರು ಹಿರಿಯರೇ ಹೇಳೋರಂತೆ.

ಮೇಲ್ಕೇರಿಯಲ್ಲಿ ಸಿರಿಯವ್ವ ಅಂತ ಒಬ್ಬ ಕುಂಬಾರಗಿತ್ತಿ. ಏನು ಕಂಡರೂ "ಯಾಕೆ?" ಅನ್ನೋಳು. ಒಂದಿನ ಆ ಮೂವರು ಹಿರಿಯರಲ್ಲೊಬ್ಬನಾದ ಬೊಮ್ಮಜ್ಜನ್ನೇ ಕೇಳಿದಳಂತೆ.

"ಅಜ್ಜ, ಯಾವಾಗಲೂ ನಿಮ್ಮ ಮನೆಯೋರೇ ಯಾಕೆ ನಿಲ್ತಾರೆ?"

"ಆಳು ಅಳೆಯೋ ಕಣ್ಣು ನಮಗೈತೆ ಕಣಮ್ಮ."

"ನಮಗೂ ಐತೋ ಇಲ್ವೋ, ಒಂದ್ಸಲ ನೋಡಬಾರ್ದಾ?"

ಮಾತು ರಾಜನ ಕಿವಿಗೆ ಬಿತ್ತು. ಅವನಿಗೂ ಕುತೂಹಲ. "ನಿಲ್ಲೋ ಆಸೆ ಇರೋರ ಹೆಸರಿಗೊಂದು ಗಡಿಗೆ ಇಡಿ. ಯಾರು ಬೇಕಾದರೂ ಯಾವ ಕೇರಿಗೆ ಬೇಕಾದರೂ ಹೋಗಿ ಒಂದು ಕಲ್ಲು ಹಾಕಲಿ. ಯಾರ ಗಡಿಗೇಲಿ ಕಲ್ಲು ಹೆಚ್ಚೋ ಅವರೇ ಆ ಕೇರಿ ಪರ ನಿಲ್ಲಲಿ" ಅಂತ ಡಂಗುರ ಸಾರಿಸಿದನಂತೆ.

ಸಿರಿಯವ್ವ ತಾನೇ ಗಡಿಗೆ ಸುಟ್ಟು ಕೊಟ್ಟಳು. ಆ ದಿನ ನೋಡ್ತಾಳೆ, ಕೆಳಕೇರಿಯೋರೆಲ್ಲ ಸಾಲಾಗಿ ಬಂದು ಮೇಲ್ಕೇರಿಯ ತೂಕಡಿಕೆ ಮಲ್ಲನ ಗಡಿಗೆಗೆ ಕಲ್ಲು ಹಾಕ್ತಾವ್ರೆ! ದಡ್ಡ ನಿಂತರೆ ಸೋಲಿಸೋದು ಸುಲಭ ಅಲ್ವೆ? ಮೇಲ್ಕೇರಿಯೋರೇನು ಕಡಿಮೆಯೇ? ಅವರೂ ಕೆಳಕೇರಿಗೆ ಹೋಗಿ ಅಲ್ಲಿನ ಬಾಯಿಬಡುಕ ತಿಪ್ಪನ ಗಡಿಗೆ ತುಂಬಿಸಿದರು.

ಕಡೆಗೆ ಮಲ್ಲ, ತಿಪ್ಪ ಇಬ್ಬರೇ ನಿಂತರು. ಮಲ್ಲ ಗೆದ್ದ. ತೂಬು ತೆಗೆದ, ಮಲಗಿದ. ಮೂರು ದಿನ ನೀರು ಹಳ್ಳಕ್ಕೆ ಹರಿದು, ಅರ್ಧ ಪೈರು ಒಣಗಿತಂತೆ.

"ನೋಡಿದ್ಯಾ ನಿನ್ನ ಗಡಿಗೇನ?" ಅಂದ ಬೊಮ್ಮಜ್ಜ. ಸಿರಿಯವ್ವನ ಮುಖ ಸಣ್ಣದಾಯಿತು. ಆದರೂ ತಲೆಯಲ್ಲಿ ಅದೇ ಯೋಚನೆ: ತಪ್ಪಿದ್ದೆಲ್ಲಿ? ಏಳು ದಿನ ಯೋಚಿಸಿ, ಎಂಟನೇ ದಿನ ರಾಜನ ಮುಂದೆ ನಿಂತಳಂತೆ.

"ಬುದ್ಧೀ, ನಮ್ಮನೆ ಸೊಸೇನ ಪಕ್ಕದ್ಮನೆಯೋರು ಆರಿಸಿದಂಗಾಯ್ತು. ಯಾರು ಯಾವ ಕೇರಿ ಜೊತೆ ಸೇರಿ ಕೆರೆ ಹೂಳು ಹೊರ್ತಾರೋ, ಅವರು ಆ ಕೇರಿಯಲ್ಲೇ ಕಲ್ಲು ಹಾಕಲಿ. ಅದಕ್ಕೂ ಮುಂಚೆ ಹಿರಿಯರು ಒಬ್ಬೊಬ್ಬರ ಗುಣ, ದೋಷ ಎಲ್ಲರ ಎದುರಿಗೇ ಹೇಳಲಿ."

ಮುಂದಿನ ಸಲ ಹಾಗೇ ಮಾಡಿದರು. ಊರೇ ಕೇಳ್ತಿತ್ತಲ್ಲ, ಬೊಮ್ಮಜ್ಜ ಸ್ವಂತ ಮಗನ ದೋಷವನ್ನೂ ಹೇಳಬೇಕಾಯಿತಂತೆ! ಮೇಲ್ಕೇರಿ ಆರಿಸಿದ್ದು ಬೆಸ್ತರ ದ್ಯಾವಕ್ಕನ್ನ. ಹಿರಿಯರು ಹಿಂದೆ ಒಂದು ದಿನವೂ ಅವಳ ಹೆಸರು ಎತ್ತಿದವರಲ್ಲ. ಕೆರೆಯ ಆಳ ಅಂಗೈಯಂತೆ ಬಲ್ಲವಳು. ಕೇರಿಗೆ ಕೇರಿಯೇ ಅವಳ ಬೆನ್ನಿಗೆ ನಿಂತಿತು, ಗೆದ್ದಳು.

"ನಮ್ಮ ಹಿಡಿತ ಸಡಿಲಾಯ್ತಲ್ಲೇ" ಅಂದ ಬೊಮ್ಮಜ್ಜ.

"ಹೂಂ ಅಜ್ಜ. ಕೇರಿ ಸಡಿಲಾಯ್ತಾ, ಹೇಳು?" ಅಂದಳು ಸಿರಿಯವ್ವ.

ಅಜ್ಜ ಸುತ್ತ ನೆರೆದಿದ್ದ ಜನವನ್ನೊಮ್ಮೆ ನೋಡಿದ. "ಇಷ್ಟು ಜನ ಹಿಂದೆಂದೂ ಬಂದಿರಲಿಲ್ಲ ಬಿಡು" ಅಂದನಂತೆ.

ಅವರ ಗದ್ದೆ ಅಲ್ಲಿ ನೆನೆಯಿತು, ನನ್ನ ಗಂಟಲು ಇಲ್ಲಿ ಒಣಗಿತು. ಒಂದು ಚೊಂಬು ನೀರು ಕೊಡ್ರವ್ವ.