ಹಸಿ ಗಡಿಗೆಯ ತಗ್ಗು

"ಅಜ್ಜಾರ, ನನ್ನ ಮಗಳನ್ನ ಅಳಿಸಿದವರನ್ನ ಹೆಂಗ ಸುಮ್ಮನ ಬಿಡಲಿ?"

ಮಠದ ಪಡಸಾಲೆಗೆ ಬಂದ ದಾಕ್ಷಾಯಣಿ ಕೂರುವ ಮೊದಲೇ ಗುರುಗಳನ್ನು ಕೇಳಿದಳು. ಮಗಳ ಏಳನೇ ತರಗತಿಯ ಹುಡುಗಿಯರು ಮೊಬೈಲಿನಲ್ಲಿ ಗ್ರೂಪು ಕಟ್ಟಿಕೊಂಡು, ಯಾರ ಮುಖ ಕಂಡರೆ ನಗು ಬರುತ್ತದೆ ಎಂದು ವೋಟು ಹಾಕಿಸಿದ್ದರು. ಎಲ್ಲ ವೋಟೂ ಅವಳ ಮಗಳಿಗೇ ಬಿದ್ದಿದ್ದವು, ಜೀವದ ಗೆಳತಿಯದೂ ಸೇರಿ. ಅಂದಿನಿಂದ ಹುಡುಗಿ ಶಾಲೆಗೆ ಹೋಗಿಲ್ಲ, ಸರಿಯಾಗಿ ಉಂಡಿಲ್ಲ. ದಾಕ್ಷಾಯಣಿ ಆ ಹಾಳು ಮೊಬೈಲನ್ನು ಕಸಿದು ಟ್ರಂಕಿನಲ್ಲಿಟ್ಟು ಬೀಗ ಜಡಿದಳು. ನಾಲ್ಕು ದಿನ ಆ ಹುಡುಗಿಯರ ಮನೆಮನೆಗೆ ಹೋಗಿ ಅವರ ತಾಯಂದಿರ ಮರ್ಯಾದೆ ಕಳೆದಳು. ಹೆಡ್‌ಮಾಸ್ತರರ ಮೇಜು ಗುದ್ದಿದಳು. ಆದರೂ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ.

ಗುರುಗಳು ಅವಳಿಗೊಂದು ಕತೆ ಹೇಳಿದರು.

ಒಬ್ಬ ಕುಂಬಾರ. ಸ್ವಂತ ಮಗಳ ಮದುವೆಗೆಂದು ದೊಡ್ಡ ಗಡಿಗೆ ಮಾಡಿ, ಅಂಗಳದ ನೆರಳಿನಲ್ಲಿ ಆರಲು ಇಟ್ಟಿದ್ದ. ಓಣಿಯ ಹುಡುಗರು ಓಡುತ್ತ ಬಂದು ಅದಕ್ಕೆ ಗುದ್ದಿ ನಕ್ಕರು. ಗಡಿಗೆಯ ಹೊಟ್ಟೆ ತಗ್ಗಾಯಿತು. ಕುಂಬಾರನ ಮೈಯೆಲ್ಲ ಉರಿಯಿತು. ಗಡಿಗೆ ತಟ್ಟುವ ಹಲಗೆಯನ್ನೇ ಹಿಡಿದು ಅವರನ್ನು ಬೆನ್ನಟ್ಟಿದ.

"ಇನ್ನೂ ಹಸಿ ಐತ್ರಿ, ತಿರುಗಿ ಬರ್ರಿ!" ಎಂದು ಹೆಂಡತಿ ಕೂಗಿದಳು. "ಒಳಗ ಕೈ ಇಟ್ಟು ಮೆಲ್ಲಕ ಒತ್ತಿದ್ರ ಸರಿಹೋಗ್ತೈತಿ. ನಿಮ್ಮ ಕೈಗಷ್ಟ ಅದು ಕೇಳೂದು."

"ಮೊದಲ ಅವರ ಸೊಕ್ಕು ಇಳಸ್ತೀನಿ!"

ಇಳಿಸಿಯೂ ಇಳಿಸಿದ. ಒಬ್ಬೊಬ್ಬರ ಮನೆಯ ಮುಂದೆಯೂ ನಿಂತು ಬಾಯಿಗೆ ಬಂದಂತೆ ಬೈದ. ಹುಡುಗರು ಕಿವಿ ಹಿಡಿದುಕೊಂಡು ತಪ್ಪಾಯಿತು ಎಂದರು. ಗೆದ್ದೆನೆಂದು ಬೀಗುತ್ತ ಮನೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಂಗಳದ ನೆರಳು ಎಂದೋ ಸರಿದು, ಗಡಿಗೆ ಬಿಸಿಲಿಗೆ ಒಣಗಿ ಗಟ್ಟಿಯಾಗಿತ್ತು. ತಗ್ಗು ಹಾಗೆಯೇ ಇತ್ತು. ಕುಂಬಾರ ಈಗ ಒಳಗೆ ಕೈ ಇಟ್ಟು ಒತ್ತಿದ. ಗಡಿಗೆ ಬಾಯಿಂದ ಬುಡದವರೆಗೆ ಸೀಳಿಹೋಯಿತು.

ದಾಕ್ಷಾಯಣಿಗೆ ತಡೆಯಲಾಗಲಿಲ್ಲ. "ಹಂಗಾರ ಆ ಹುಡುಗರನ್ನ ಬೈಯಬಾರದಿತ್ತೇನ್ರಿ? ಮಾಡಿದ್ದು ಸರೀನ ಅವರು?"

ಗುರುಗಳ ದನಿಯೂ ಗಡುಸಾಯಿತು.

"ಬೈಯೂದು ನಾಳೆಗೂ ಆಗ್ತಿತ್ತು, ಈ ನಾಲ್ಕು ದಿನ ಕೂಸಿನ ಹತ್ರ ಯಾರು ಕುಂತಿದ್ರವ್ವಾ?"