ಯಾರ ಮೂಗಿನ ಮೇಲೆ ಯಾರ ಕನ್ನಡಕ?

ಬನ್ನಿ ಬನ್ನಿ, ಒತ್ತಿಕೊಂಡು ಕೂತ್ಕೊಳ್ಳಿ. ಎಲ್ಲರ ಮೂಗೂ ಜಾಗದಲ್ಲೇ ಇದೆಯಾ? ಮುಟ್ಟಿ ನೋಡ್ಕೊಳ್ಳಿ. ಇದೆಯಾ? ಸರಿ, ಹಾಗಾದರೆ ಕತೆ ಶುರು ಮಾಡಬಹುದು.

ಒಂದೂರಲ್ಲಿ ಚೆಲುವಿ ಅಂತ ಒಬ್ಬ ಹುಡುಗಿ. ವಯಸ್ಸು ಆರು. ಮುಂದಿನ ಹಲ್ಲು ಒಂದಿಲ್ಲ. ಚೆಲುವಿಗೆ ದೂರದ ಕಾಗೆ ಕಾಣುತ್ತೆ, ತಟ್ಟೆಯ ಇಡ್ಲಿ ಕಾಣಲ್ಲ. ದೂರದ್ದೆಲ್ಲ ಸ್ಪಷ್ಟ. ಹತ್ತಿರದ್ದೆಲ್ಲ ಮಂಜು ಮಂಜು.

ಒಂದು ದಿನ ಬೆಳಿಗ್ಗೆ ಅಪ್ಪ ಪೇಟೆಯಿಂದ ಅವಳಿಗೆ ಕನ್ನಡಕ ತಂದ. ಕೆಂಪು ಕನ್ನಡಕ. ಪುಟಾಣಿ ಕನ್ನಡಕ. ಪುಟ್ಟ ಮೂಗಿನ ಅಳತೆ ಕೊಟ್ಟು ಮಾಡಿಸಿದ್ದು. ಬಗ್ಗಿಸಿದರೆ ಬಗ್ಗುತ್ತೆ, ಮುರಿಯಲ್ಲ. ಕುಣಿದರೂ ಬೀಳಲ್ಲ. ಚೆಲುವಿ ಕುಣಿದು ನೋಡಿದಳು. ಬೀಳಲಿಲ್ಲ!

ಮನೆಯಲ್ಲಿ ಅತ್ತೆಯ ಪಾಪು ಇತ್ತು. ಮೂರು ತಿಂಗಳ ಪಾಪು. ಅದು ನಕ್ಕರೆ ಕೆನ್ನೆ ಮೇಲೆ ಗುಳಿ ಬೀಳುತ್ತೆ ಅಂತ ಎಲ್ಲರೂ ಹೇಳುತ್ತಿದ್ದರು. ನೋಡದೆ ಇದ್ದವಳು ಚೆಲುವಿ ಒಬ್ಬಳೇ. ಅವಳಿಗೆ ಪಾಪು ಅಂದರೆ ಮಂಜಿನೊಳಗಿನ ಒಂದು ಕುಂಯ್ ಕುಂಯ್. ಕನ್ನಡಕ ಹಾಕಿಕೊಂಡು ತೊಟ್ಟಿಲ ಹತ್ತಿರ ಓಡಿದಳು. ಪಾಪು ನಿದ್ದೆ! ಗುಳಿಯೂ ನಿದ್ದೆ!

ಅವತ್ತೇ ಪಾಪುಗೆ ಹೆಸರಿಡುವ ದಿನ. ಅವತ್ತೇ ನಾಲ್ಕು ಗಂಟೆ ಬಸ್ಸಿಗೆ ಅತ್ತೆ ಪಾಪುನ ಎತ್ತಿಕೊಂಡು ಗಂಡನ ಊರಿಗೆ ಹೊರಡುವವಳು. ಅಷ್ಟರೊಳಗೆ ಗುಳಿ ನೋಡಲೇಬೇಕು.

ಹೆಸರಿಟ್ಟಾಯ್ತು. ಊಟ ಆಯ್ತು. ಫೋಟೋದವನು ಬಂದ.

"ಕನ್ನಡಕ ಹೊಳೆಯುತ್ತೆ ಕಣ್ರೀ. ಎಲ್ಲಾ ತೆಗೆದಿಡಿ" ಅಂದ.

ಚೆಲುವಿ, ಊಟಕ್ಕೆ ಬಂದಿದ್ದ ಊರಿನವರು ಐದು ಜನ, ಒಟ್ಟು ಆರು ಜನ ಆರು ಕನ್ನಡಕ ತೆಗೆದರು. ಆರನ್ನೂ ಒಂದೇ ಮೊರದಲ್ಲಿ ಹಾಕಿದರು. ಕ್ಲಿಕ್! ಆಗಲೇ ಪಾಪು ಎದ್ದು ಕಿಲಕಿಲ ನಕ್ಕಿತು.

"ಗುಳಿ! ಗುಳಿ!" ಅಂತ ಎಲ್ಲರೂ ಕೂಗಿದರು.

"ನನ್ನ ಕನ್ನಡಕ! ನನ್ನ ಕನ್ನಡಕ!" ಅಂತ ಚೆಲುವಿ ಕೂಗಿದಳು.

ಈಗ ನೀವೇ ಹೇಳಿ. ಕನ್ನಡಕ ಇಲ್ಲದೆ ಕಣ್ಣು ಕಾಣದವರು, ಕನ್ನಡಕ ಇಲ್ಲದೆ, ಕನ್ನಡಕ ಹುಡುಕಿದರೆ ಏನಾಗುತ್ತೆ? ದೊಡ್ಡವರಿಗೆ ಅಷ್ಟೂ ಬುದ್ಧಿ ಬೇಡವಾ? ತಡಕಾಡಿದರು. ಕೈಗೆ ಸಿಕ್ಕಿದ್ದು ಹಾಕಿಕೊಂಡರು. ಸರಸರ ಹೊರಟೇ ಹೋದರು.

ಮೊರದಲ್ಲಿ ಒಂದೇ ಒಂದು ಉಳಿದಿತ್ತು. ಕಪ್ಪು ಕನ್ನಡಕ. ದಪ್ಪ ಕನ್ನಡಕ. ಚೆಲುವಿ ಹಾಕಿಕೊಂಡಳು. ಅದು ಮೂಗು ದಾಟಿತು, ಬಾಯಿ ದಾಟಿತು, ಗಲ್ಲ ದಾಟಿ ನೆಲಕ್ಕೆ ಬಿತ್ತು. ಇನ್ನು ಪಾಪು? ಮಂಜಿನೊಳಗೆ ಕುಂಯ್ ಕುಂಯ್.

ಚೆಲುವಿಗೆ ಅಳು ಬಂತು. ಆದರೆ ಅಳುತ್ತಾ ಕೂರುವುದಕ್ಕೆ ಪುರುಸೊತ್ತೆಲ್ಲಿ? ಕಪ್ಪು ಕನ್ನಡಕ ಕೈಯಲ್ಲಿ ಹಿಡಿದು ಜಗಲಿ ಹತ್ತಿ ನೋಡಿದಳು. ದೂರದ್ದು ಅವಳಿಗೆ ಚೆನ್ನಾಗಿ ಕಾಣುತ್ತಲ್ಲ! ಅಗೋ, ಟೈಲರ್ ಮಾಮನ ಮೂಗಿನ ಮೇಲೆ ಕೆಂಪಗೆ ಏನೋ!

ಓಡು ಚೆಲುವಿ ಓಡು, ಬಸ್ಸು ನಾಲ್ಕಕ್ಕೆ!

ಟೈಲರ್ ಮಾಮನ ಮುಖ ಕುಂಬಳಕಾಯಿಯಷ್ಟು. ಅದರ ಮೇಲೆ ಪುಟಾಣಿ ಕೆಂಪು ಕನ್ನಡಕ. ಅದರ ಕಡ್ಡಿಗಳು ಆ ಕಡೆ ಈ ಕಡೆ ಬಿಲ್ಲಿನ ಹಾಗೆ ಬಗ್ಗಿವೆ. ಮಾಮ ಒಂದು ಅಂಗಿಗೆ ಮೂರನೇ ತೋಳು ಹೊಲಿಯುತ್ತಿದ್ದ.

"ಮಾಮ ಮಾಮ, ಅದು ನಂದು. ಇದು ನಿಮ್ದಾ?"

ಮಾಮ ಕಪ್ಪು ಕನ್ನಡಕ ಹಾಕಿ ನೋಡಿದ. "ಇದು ದೂರದ್ದು ಕಣವ್ವಾ. ಸೂಜಿಗೆ ದಾರ ಪೋಣಿಸೋಕೆ ಬರಲ್ಲ. ನಂದು ಅರ್ಧ ಚಂದ್ರನ ಹಾಗಿರುತ್ತೆ, ಮೂಗಿನ ತುದೀಲಿ ಕೂರುತ್ತೆ. ನಂದು ತಂದುಕೊಡು, ನಿಂದು ತಗೋ."

ಚೆಲುವಿ ಅಂಗಡಿ ಮೆಟ್ಟಿಲ ಮೇಲೆ ನಿಂತು ನೋಡಿದಳು. ಅಗೋ, ಹೂವಜ್ಜಿಯ ಮೂಗಿನ ತುದೀಲಿ ಅರ್ಧ ಚಂದ್ರ!

ಓಡು ಚೆಲುವಿ ಓಡು, ಬಸ್ಸು ನಾಲ್ಕಕ್ಕೆ!

ಹೂವಜ್ಜಿ ಮಾಲೆ ಕಟ್ಟುತ್ತಿದ್ದಳು. ಏನು ಘಮ ಘಮ! ಮಲ್ಲಿಗೆ ಅಲ್ಲ, ಬೆಳ್ಳುಳ್ಳಿ! ಮಾರುದ್ದ ಬೆಳ್ಳುಳ್ಳಿ ಮಾಲೆ!

"ಅಜ್ಜಿ ಅಜ್ಜಿ, ಅದು ಟೈಲರ್ ಮಾಮಂದು. ಅದನ್ನ ಕೊಟ್ಟರೆ ಟೈಲರ್ ಮಾಮ ನಂದು ಕೊಡ್ತಾನೆ. ನಂದು ಸಿಕ್ಕರೆ ಪಾಪು ಗುಳಿ ನೋಡ್ತೀನಿ. ಇದು ನಿಂದಾ?"

ಅಜ್ಜಿ ಕಪ್ಪು ಕನ್ನಡಕ ಹಾಕಿ ನೋಡಿದಳು. "ಅಯ್ಯೋ ನನ್ನ ಕಂದಾ, ಇದು ಭಾರ. ನನ್ನ ಮೂಗೇ ಬಿದ್ದುಹೋಗುತ್ತೆ. ನಂದು ದುಂಡಗೆ, ಹಗುರ. ಬೀಳಬಾರದು ಅಂತ ದಾರ ಕಟ್ಟಿದೀನಿ. ನಂದು ತಂದುಕೊಡು, ಇದು ತಗೊಂಡುಹೋಗು."

ಚೆಲುವಿ ಕಲ್ಲು ಹತ್ತಿ ನೋಡಿದಳು. ಅಗೋ, ಮೇಷ್ಟ್ರ ಕಿವಿಯಿಂದ ದಾರ ಜೋತಾಡುತ್ತಿದೆ!

ಓಡು ಚೆಲುವಿ ಓಡು, ಬಸ್ಸು ನಾಲ್ಕಕ್ಕೆ!

ಮೇಷ್ಟ್ರು ಶಾಲೆ ಅಂಗಳದಲ್ಲಿ ಹಾಜರಿ ಕೂಗುತ್ತಿದ್ದರು. ಮುಂದೆ ಒಂಬತ್ತು ಕೋಳಿ. "ಕುಣೀಬೇಡ್ರೋ, ಸಾಲಾಗಿ ಕೂತ್ಕೊಳ್ರೋ!" ಅಂತ ಗದರುತ್ತಿದ್ದರು. ಮಕ್ಕಳೆಲ್ಲ ಸೀಬೆ ಮರದ ಮೇಲೆ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವು.

"ಮೇಷ್ಟ್ರೇ ಮೇಷ್ಟ್ರೇ, ಅದು ಹೂವಜ್ಜೀದು. ಅದನ್ನ ಕೊಟ್ಟರೆ ಹೂವಜ್ಜಿ ಟೈಲರ್ ಮಾಮಂದು ಕೊಡ್ತಾಳೆ. ಅದನ್ನ ಕೊಟ್ಟರೆ ಟೈಲರ್ ಮಾಮ ನಂದು ಕೊಡ್ತಾನೆ. ನಂದು ಸಿಕ್ಕರೆ ಪಾಪು ಗುಳಿ ನೋಡ್ತೀನಿ. ಇದು ನಿಮ್ದಾ?"

ಮೇಷ್ಟ್ರು ಕಪ್ಪು ಕನ್ನಡಕ ಹಾಕಿ ನೋಡಿದರು. "ಇದರಲ್ಲಿ ಬೋರ್ಡು ಕಾಣುತ್ತೆ, ಪುಸ್ತಕ ಕಾಣಲ್ಲ. ನನ್ನದರಲ್ಲಿ ಗಾಜಿಗೆ ಎರಡು ಭಾಗ. ಮೇಲಿನದು ಬೋರ್ಡಿಗೆ, ಕೆಳಗಿನದು ಪುಸ್ತಕಕ್ಕೆ. ನನ್ನದು ತಾ ಮರಿ, ಇದು ತಗೋ. ಏಯ್ ರಮೇಶ, ರೆಕ್ಕೆ ಬಡೀಬೇಡ!"

ಚೆಲುವಿ ಬಾವಿಕಟ್ಟೆ ಹತ್ತಿರ ನಿಂತು ನೋಡಿದಳು. ಅಗೋ, ಅಧ್ಯಕ್ಷಮ್ಮನ ಕನ್ನಡಕದ ಗಾಜಿನಲ್ಲಿ ನಡುವೆ ಗೆರೆ!

ಓಡು ಚೆಲುವಿ ಓಡು, ಬಸ್ಸು ನಾಲ್ಕಕ್ಕೆ!

ಅಧ್ಯಕ್ಷಮ್ಮ ಪಂಚಾಯ್ತಿ ಆಫೀಸಿನ ಮುಂದೆ ನಡೆಯುತ್ತಿದ್ದರು. ನಡಿಗೆಯೋ ಅದು! ಒಂದು ಕಾಲು ಸೊಂಟದವರೆಗೆ ಎತ್ತುವುದು, ಧಪ್ ಅಂತ ಇಡುವುದು. ಇನ್ನೊಂದು ಎತ್ತುವುದು, ಧಪ್. "ನೆಲ ಮೇಲಕ್ಕೆ ಬರ್ತಿದೆ! ಯಾರ್ರೀ ಈ ರಸ್ತೆ ಮಾಡಿದ್ದು?" ಅಂತ ಕೂಗುತ್ತಿದ್ದರು. ರಸ್ತೆ ಮಾಡಿಸಿದ್ದು ಅವರೇ.

"ಅಧ್ಯಕ್ಷಮ್ಮ ಅಧ್ಯಕ್ಷಮ್ಮ, ಅದು ಮೇಷ್ಟ್ರದ್ದು. ಅದನ್ನ ಕೊಟ್ಟರೆ ಮೇಷ್ಟ್ರು ಹೂವಜ್ಜೀದು ಕೊಡ್ತಾರೆ. ಅದನ್ನ ಕೊಟ್ಟರೆ ಹೂವಜ್ಜಿ ಟೈಲರ್ ಮಾಮಂದು ಕೊಡ್ತಾಳೆ. ಅದನ್ನ ಕೊಟ್ಟರೆ ಟೈಲರ್ ಮಾಮ ನಂದು ಕೊಡ್ತಾನೆ. ನಂದು ಸಿಕ್ಕರೆ ಪಾಪು ಗುಳಿ ನೋಡ್ತೀನಿ. ಇದು ನಿಮ್ದಾ?"

ಅಧ್ಯಕ್ಷಮ್ಮ ಕಪ್ಪು ಕನ್ನಡಕ ಹಾಕಿ ಕಿಟಕಿ ಗಾಜಿನಲ್ಲಿ ನೋಡಿಕೊಂಡರು. "ಥೂ, ಗೂಬೆ ಥರ ಕಾಣ್ತೀನಿ! ನಂದು ಚಿನ್ನದ ಬಣ್ಣದ್ದಮ್ಮಾ. ಕಾಗದ ಓದೋಕೆ ಮಾಡಿಸಿದ್ದು. ನಂದು ತಂದುಕೊಡು ಪುಟ್ಟಿ, ಇದು ತಗೋ."

ಚೆಲುವಿ ತುದಿಗಾಲಲ್ಲಿ ನಿಂತು ನೋಡಿದಳು. ಅಗೋ, ಬಸ್ ಸ್ಟ್ಯಾಂಡಿನಲ್ಲಿ ಏನೋ ಚಿನ್ನದ ಹಾಗೆ ಮಿನುಗುತ್ತಿದೆ! ಡ್ರೈವರಣ್ಣನ ಮೂಗಿನ ಮೇಲೆ!

ಓಡು ಚೆಲುವಿ ಓಡು, ಬಸ್ಸು ನಾಲ್ಕಕ್ಕೆ!

ಡ್ರೈವರಣ್ಣ ಎಲ್ಲಿ ಕೂತಿದ್ದ? ಬಸ್ಸಿನಲ್ಲಾ? ಅಲ್ಲ! ಪಕ್ಕದ ಎತ್ತಿನ ಗಾಡಿಯಲ್ಲಿ! ಎತ್ತಿನ ಬಾಲ ಹಿಡಿದು ಜಗ್ಗುತ್ತಿದ್ದ. "ಗೇರೇ ಬೀಳ್ತಿಲ್ಲವಲ್ಲಪ್ಪಾ!" ಅಂತಿದ್ದ. ಎತ್ತು "ಅಂಬಾ" ಅಂತಿತ್ತು. "ಹಾರನ್ನೂ ಕೆಟ್ಟಿದೆ" ಅಂದ ಡ್ರೈವರಣ್ಣ.

"ಅಣ್ಣಾ ಅಣ್ಣಾ, ಅದು ಅಧ್ಯಕ್ಷಮ್ಮಂದು. ಅದನ್ನ ಕೊಟ್ಟರೆ ಅಧ್ಯಕ್ಷಮ್ಮ ಮೇಷ್ಟ್ರದ್ದು ಕೊಡ್ತಾರೆ. ಅದನ್ನ ಕೊಟ್ಟರೆ ಮೇಷ್ಟ್ರು ಹೂವಜ್ಜೀದು ಕೊಡ್ತಾರೆ. ಅದನ್ನ ಕೊಟ್ಟರೆ ಹೂವಜ್ಜಿ ಟೈಲರ್ ಮಾಮಂದು ಕೊಡ್ತಾಳೆ. ಅದನ್ನ ಕೊಟ್ಟರೆ ಟೈಲರ್ ಮಾಮ ನಂದು ಕೊಡ್ತಾನೆ. ನಂದು ಸಿಕ್ಕರೆ ಪಾಪು ಗುಳಿ ನೋಡ್ತೀನಿ. ಇದು... ಇದು... ನಿಮ್ದಾ?"

ಡ್ರೈವರಣ್ಣ ಕಪ್ಪು ಕನ್ನಡಕ ಹಾಕಿ ನೋಡಿದ. ದೂರದ ಗುಡ್ಡ ಕಂಡಿತು. ಗುಡ್ಡದ ಮೇಲಿನ ಮೇಕೆ ಕಂಡಿತು. ಮೇಕೆಯ ಗಡ್ಡ ಕಂಡಿತು!

"ನಂದೇ! ನಂದೇ!" ಅಂದ. ಆಮೇಲೆ ಕೆಳಗೆ ನೋಡಿದ. "ಅಯ್ಯಯ್ಯೋ, ಇದು ಎತ್ತು!" ಅಂತ ಹಾರಿ ಇಳಿದ. ಚಿನ್ನದ ಬಣ್ಣದ್ದು ಕೊಟ್ಟ. ಬಸ್ಸು ಹತ್ತಿದ. ಪೋಂ ಪೋಂ!

"ತಡಿ ಅಣ್ಣಾ! ನಂದಿನ್ನೂ ಸಿಕ್ಕಿಲ್ಲ!"

"ನಾಲ್ಕು ಅಂದರೆ ನಾಲ್ಕು ಕಣವ್ವಾ. ನನ್ನ ಬಸ್ಸು ಯಾವತ್ತೂ ತಡ ಆಗಿಲ್ಲ."

ಅತ್ತೆ ಪಾಪುನ ಎತ್ತಿಕೊಂಡು ಬಸ್ಸು ಹತ್ತುತ್ತಿದ್ದಳು. ಚೆಲುವಿ ಹಿಂದೆ ತಿರುಗಿದಳು. ಓಡು ಚೆಲುವಿ ಓಡು!

ಅಧ್ಯಕ್ಷಮ್ಮಂದು ಅಧ್ಯಕ್ಷಮ್ಮನಿಗೆ. ನೆಲ ಕೆಳಗೆ ಹೋಯ್ತು. ಅಧ್ಯಕ್ಷಮ್ಮ ಮೇಷ್ಟ್ರದ್ದು ಕೊಟ್ಟರು. ಪೋಂ ಪೋಂ!

ಮೇಷ್ಟ್ರದ್ದು ಮೇಷ್ಟ್ರಿಗೆ. ಕೋಳಿಗಳಿಗೆ ರಜಾ ಸಿಕ್ಕಿತು. ಮೇಷ್ಟ್ರು ಹೂವಜ್ಜೀದು ಕೊಟ್ಟರು. ಪೋಂ ಪೋಂ!

ಹೂವಜ್ಜೀದು ಹೂವಜ್ಜಿಗೆ. ಬೆಳ್ಳುಳ್ಳಿ ಬುಟ್ಟಿಗೆ ಹೋಯ್ತು. ಹೂವಜ್ಜಿ ಟೈಲರ್ ಮಾಮಂದು ಕೊಟ್ಟಳು. ಪೋಂ ಪೋಂ!

ಟೈಲರ್ ಮಾಮಂದು ಟೈಲರ್ ಮಾಮನಿಗೆ. ಮೂರನೇ ತೋಳು ಪರ್ರ್ ಅಂತ ಕಿತ್ತು ಬಂತು. ಟೈಲರ್ ಮಾಮ ಕೊಟ್ಟ. ಏನು ಕೊಟ್ಟ? ಕೆಂಪು ಕನ್ನಡಕ ಕೊಟ್ಟ! ಪುಟಾಣಿ ಕನ್ನಡಕ ಕೊಟ್ಟ! ಅಷ್ಟು ಬಗ್ಗಿದ್ದರೂ ಮುರಿದಿರಲಿಲ್ಲ. ಚೆಲುವಿಯ ಮೂಗಿನ ಮೇಲೆ ಟಪಕ್ಕನೆ ಕೂತಿತು.

ಪೋಂ ಪೋಂ ಪೋಂ! ಬಸ್ಸು ಹೊರಟೇಬಿಟ್ಟಿತು!

ಚೆಲುವಿ ಓಡಿದಳು. ಚೆಲುವಿಯ ಹಿಂದೆ ಟೈಲರ್ ಮಾಮ ಓಡಿದ. ಟೈಲರ್ ಮಾಮನ ಹಿಂದೆ ಹೂವಜ್ಜಿ ಓಡಿದಳು. ಹೂವಜ್ಜಿಯ ಹಿಂದೆ ಮೇಷ್ಟ್ರು ಓಡಿದರು. ಮೇಷ್ಟ್ರ ಹಿಂದೆ ಅಧ್ಯಕ್ಷಮ್ಮ ಓಡಿದರು. ಎಲ್ಲರ ಹಿಂದೆ ಒಂಬತ್ತು ಕೋಳಿ. ಅವಕ್ಕೇನು ಕೆಲಸವೋ, ಅವನ್ನೇ ಕೇಳಬೇಕು.

"ನಿಲ್ಲಿಸೀ! ನಿಲ್ಲಿಸೀ!"

ಬಸ್ಸಿನ ಗಡಗಡದಲ್ಲಿ ಯಾರಿಗೆ ಕೇಳಬೇಕು? ಆದರೆ ಡ್ರೈವರಣ್ಣ ಬಸ್ಸಿನ ಕನ್ನಡಿ ನೋಡಿದ. ದೂರದಲ್ಲಿ ಒಂದು ಕೆಂಪು ಚುಕ್ಕೆ. ಅಧ್ಯಕ್ಷಮ್ಮನ ಕನ್ನಡಕದಲ್ಲಾಗಿದ್ದರೆ ಅದು ಟೊಮೇಟೊ. ತನ್ನ ಕನ್ನಡಕದಲ್ಲಿ ಅದು ಚೆಲುವಿ! ಕಣ್ಣಲ್ಲಿ ನೀರು ಹಾಕಿಕೊಂಡು ಓಡಿ ಬರುವ ಚೆಲುವಿ!

ಕಿರ್ರ್ರ್! ಬ್ರೇಕು ಬಿತ್ತು.

"ಹತ್ತವ್ವಾ ಹತ್ತು" ಅಂದ ಡ್ರೈವರಣ್ಣ. "ಇವತ್ತೊಂದು ದಿನ ತಡ ಆದರೆ ಆಗಲಿ ಬಿಡು."

ಚೆಲುವಿ ಹತ್ತಿದಳು. ಏದುಸಿರು ಬಿಡುತ್ತಾ ಪಾಪು ಮುಂದೆ ನಿಂತಳು. ಪಾಪು ನೋಡಿತು. ಎರಡು ಕೆಂಪು ಬಳೆ, ಬಳೆಯೊಳಗೆ ಎರಡು ದೊಡ್ಡ ಕಣ್ಣು, ಕೆಳಗೆ ಹಲ್ಲಿಲ್ಲದ ಒಂದು ಸಂದಿ. ನೋಡಿತು ನೋಡಿತು, ಕಿಲಕಿಲ ಅಂತ ನಕ್ಕೇಬಿಟ್ಟಿತು!

ಕೆನ್ನೆಯಲ್ಲಿ ಗುಳಿ! ಮಂಜಿಲ್ಲ, ಮಸುಕಿಲ್ಲ, ದುಂಡು ದುಂಡಾದ ಗುಳಿ! ಚೆಲುವಿ ಖುಷಿಯಲ್ಲಿ ಚಪ್ಪಾಳೆ ತಟ್ಟಿದಳು. ಆಮೇಲೆ ಇನ್ನೂ ಹತ್ತಿರ ಬಗ್ಗಿದಳು.

"ಅತ್ತೇ! ಇನ್ನೊಂದಿದೆ! ಗಲ್ಲದ ಮೇಲೆ! ಸಾಸಿವೆ ಕಾಳಿನಷ್ಟು!"

"ಎಲ್ಲೇ?" ಅಂದಳು ಅತ್ತೆ. "ಎಲ್ಲಿ, ಎಲ್ಲಿ?" ಅಂತ ಹಿಂದೆ ಓಡಿ ಬಂದವರೂ ಬಸ್ಸು ಹತ್ತಿದರು. ಟೈಲರ್ ಮಾಮ ಬಗ್ಗಿದ, ಹೂವಜ್ಜಿ ಬಗ್ಗಿದಳು, ಮೇಷ್ಟ್ರು ಬಗ್ಗಿದರು, ಅಧ್ಯಕ್ಷಮ್ಮ ಬಗ್ಗಿದರು. ಡ್ರೈವರಣ್ಣ ಮಾತ್ರ ಕೂತಲ್ಲಿಂದಲೇ ಕತ್ತು ಚಾಚಿದ. ಹೌದು, ಇದೆ!

"ಹೆತ್ತವಳು ನಾನು. ಮೂರು ತಿಂಗಳಿಂದ ಮಡಿಲಲ್ಲೇ ಇಟ್ಟುಕೊಂಡಿದೀನಿ. ನನಗೇ ಕಂಡಿರಲಿಲ್ಲ ನೋಡೇ!" ಅಂತ ಅತ್ತೆ ಚೆಲುವಿಯನ್ನು ತಬ್ಬಿಕೊಂಡಳು.

ಓಡಿ ಬಂದವರೆಲ್ಲ ಇಳಿದ ಮೇಲೆ ಬಸ್ಸು ಮತ್ತೆ ಹೊರಟಿದ್ದು ನಾಲ್ಕೂ ಕಾಲಿಗೆ. ಚೆಲುವಿ ಕೈ ಬೀಸಿದಳು, ಕೋಳಿಗಳು ರೆಕ್ಕೆ ಬೀಸಿದವು. ಕತೆ ಬಸ್ಸು ಹತ್ತಿ ಹೋಯ್ತು.

ಈಗ ಎಲ್ಲರೂ ಒಟ್ಟಿಗೆ ಹೇಳಿ. ಪಾಪುಗೆ ಗುಳಿ ಎಷ್ಟು? ಎರಡು! ಎರಡನೆಯದನ್ನು ಮೊದಲು ನೋಡಿದ್ದು ಯಾರು?

ಚೆಲುವಿ!