ಕೌದಿಗುಂಡಿನ ಹುಲಿಗೆವ್ವ

ಬಲು ಹಿಂದೆ, ಹೊಳೆ ಇನ್ನೂ ತನ್ನ ದಾರಿ ಹುಡುಕುತ್ತಿದ್ದ ಕಾಲದಲ್ಲಿ, ಗುಂಡುಗೇರಿ ಅಂತ ಒಂದೂರಿತ್ತು. ಊರು ಅನ್ನೋದಕ್ಕಿಂತ, ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದಷ್ಟು ಮನೆ ಅನ್ನಬೇಕು. ಆನೆಯಂಥ ಗುಂಡು, ಮೊಟ್ಟೆಯಂಥ ಗುಂಡು, ಮುನಿಸಿಕೊಂಡು ಕೂತ ಅತ್ತೆಯಂಥ ಗುಂಡು. ದೇವರು ಲೋಕ ಕಟ್ಟಿ ಮುಗಿಸಿ, ಉಳಿದ ಕಲ್ಲನ್ನೆಲ್ಲ ಅಲ್ಲಿ ಸುರಿದು ಕೈ ತೊಳೆದುಕೊಂಡ ಅಂತಾರೆ. ಬೇರೆ ಊರಿನ ಗಂಡಸರು ಗುಂಡು ಎತ್ತಿ ಮೀಸೆ ತಿರುವುತ್ತಿದ್ದರು. ಗುಂಡುಗೇರಿಯ ಗುಂಡು ಎತ್ತುವಂಥವಲ್ಲವಲ್ಲ, ಅದಕ್ಕೆ ಅಲ್ಲಿನವರು ಹತ್ತಿದರು. ಹಗ್ಗವಿಲ್ಲ, ಏಣಿಯಿಲ್ಲ. ಅಂಗೈಗೆ ಒಲೆಬೂದಿ ಬಳಿದುಕೊಂಡರೆ ಮುಗೀತು.

ಹತ್ತುವವರಲ್ಲಿ ಯಂಕೋಬನೆಂದರೆ ಯಂಕೋಬನೇ. ಹಲ್ಲಿ ಯಂಕೋಬ ಅಂತ ಕರೀತಿದ್ದರು. ಗೋಡೆ ಮೇಲಿನ ಹಲ್ಲಿ ಅವನನ್ನು ಕಂಡು ನಾಚಿ, ಬಾಲ ಬಿಟ್ಟು ಓಡುತ್ತಿತ್ತಂತೆ. ಆದರೆ ಈ ಕಥೆ ಅವನದಲ್ಲ. ಅವನ ಹೆಂಡತಿ ಹುಲಿಗೆವ್ವನದು.

ಹುಲಿಗೆವ್ವ ಕೌದಿ ಹೊಲಿಯುತ್ತಿದ್ದಳು. ಹಳೇ ಸೀರೆ, ಹರಿದ ಧೋತರ, ಕೂಸಿನ ಕುಲಾಯಿ, ಅವಳ ಕೈಗೆ ಬಂದ ಯಾವ ಬಟ್ಟೆಯೂ ದಂಡವಾಗಲಿಲ್ಲ. ಅವಳ ಕೌದಿ ಹೊದ್ದವರ ಮನೆಗೆ ಮಾಗಿಚಳಿ ಬಾಗಿಲತನಕ ಬಂದು ವಾಪಸು ಹೋಗುತ್ತಿತ್ತು ಅಂತಾರೆ. ಕೈಯಲ್ಲಿ ಸೂಜಿ ಆಡುತ್ತಿದ್ದರೂ ಕಿವಿ ಮಾತ್ರ ಬಂಡೆಯ ಕಡೆಗೇ. ಅವಳ ಅಪ್ಪನೂ ಹತ್ತುವವನೇ ಆಗಿದ್ದ. ಬಿದ್ದು ಸತ್ತಿದ್ದ.

"ಕೆಳಗೊಂದು ಕೌದಿ ಹಾಸ್ತೀನ್ರಿ," ಅಂತ ಗಂಡನಿಗೆ ಎಷ್ಟೋ ಸಲ ಹೇಳಿದಳು.

"ಹಲ್ಲಿಗೆ ಯಾರರ ಹಾಸಿಗಿ ಹಾಸ್ತಾರೇನ ಹುಚ್ಚಿ?" ಅಂತ ಅವನು ನಗುತ್ತಿದ್ದ.

ನಕ್ಕರೂ ಒಳಗೆ ಅಂಜಿಕೆ. ಯಾಕಂದರೆ ಗುಂಡುಗೇರಿಯಲ್ಲಿ ಒಂದು ನಂಬಿಕೆಯಿತ್ತು. ಹತ್ತುವವನ ಕೆಳಗೆ ಏನಾದರೂ ಹಾಸಿದರೆ, ಬೀಳು ಬಾ ಅಂತ ಕರೆದ ಹಾಗೆ. ಹೆಣಕ್ಕೆ ಹಾಸಿದ ಹಾಗೆ. ಅದಕ್ಕೇ ಯಾರೂ ಹಾಸುತ್ತಿರಲಿಲ್ಲ, ಯಾರೂ ಕೆಳಗೆ ನಿಲ್ಲುತ್ತಲೂ ಇರಲಿಲ್ಲ. ದೂರದಲ್ಲಿ ನಿಂತು ಶಿಳ್ಳೆ ಹಾಕುತ್ತಿದ್ದರು, ಅಷ್ಟೇ.

ಊರ ಮಗ್ಗುಲಿಗೆ ಒಂಟಿಗುಂಡು ಅಂತ ಒಂದಿತ್ತು. ಬೆನ್ನಿನ ಕಡೆಯಿಂದ ಹತ್ತಬಹುದು. ಮುಂದಿನ ಕಡೆ ಮಾತ್ರ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿ ಹೊರಗೆ ಬಂದಿತ್ತು. ಆ ಕಡೆಯಿಂದ ಕೋತಿಯೂ ಹತ್ತಿರಲಿಲ್ಲ. ಒಂದು ದಿನ ಪಕ್ಕದೂರಿನ ಗುಂಡು ಎತ್ತುವ ಪೈಲವಾನ ಪಂಪಣ್ಣ ಬಂದು, "ಬೆನ್ನ ಕಡಿಂದ ಕುರಿನೂ ಹತ್ತತೈತಿ. ಹೊಟ್ಟಿ ಕಡಿಂದ ಹತ್ತಲೇ ಹಲ್ಲಿ, ನೋಡೂಣು!" ಅಂದ.

ಅಂದದ್ದೇ ತಡ, ಯಂಕೋಬ ಬೂದಿಗೆ ಕೈ ಹಾಕಿದ.

ಹತ್ತಿದ. ಹೊಟ್ಟೆಯ ತನಕ ಚೆಂದಾಗೇ ಹತ್ತಿದ. ಅಲ್ಲಿ ಬಲಗೈ ಒಂದು ಬಿರುಕಿನಲ್ಲಿ, ಎಡಗೈ ಕಡಲೆಕಾಳಿನಂಥ ಒಂದು ಉಬ್ಬಿನ ಮೇಲೆ. ಮುಂದೆ ಹಿಡಿಯಲು ಏನಿಲ್ಲ, ಹಿಂದೆ ಇಳಿಯಲು ಕಾಲಿಗೆ ದಾರಿ ಕಾಣಲ್ಲ. ಬೆವರು ಬೂದಿಯನ್ನು ತೊಳೆಯಿತು. ಕೆಳಗೆ ಕೊಡಲಿಯ ಬಾಯಂಥ ಒಂದು ಕಲ್ಲು ಮೇಲೆ ಮುಖ ಮಾಡಿ ಕೂತಿತ್ತು. ಜನ ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಎಲ್ಲರಿಗಿಂತ ಮೊದಲು ಸರಿದವನು ಪಂಪಣ್ಣನೇ ಅಂತಾರೆ.

ಶಿಳ್ಳೆ ನಿಂತಿತು. ಮನೆಯಲ್ಲಿ ಹೊಲಿಯುತ್ತ ಕೂತಿದ್ದ ಹುಲಿಗೆವ್ವ ಕಿವಿ ನಿಮಿರಿಸಿದಳು. ಅಪ್ಪ ಬಿದ್ದ ದಿನವೂ ಹೀಗೇ ಶಿಳ್ಳೆ ನಿಂತಿತ್ತು. ಹುಲಿಗೆವ್ವ ಸೂಜಿ ಕಿತ್ತು ಸೆರಗಿಗೆ ಚುಚ್ಚಿಕೊಂಡಳು, ಅರ್ಧ ಹೊಲಿದ ಕೌದಿ ಹೆಗಲಿಗೆ ಹಾಕಿಕೊಂಡು ಓಡಿದಳು. ಯಾರೂ ನಿಲ್ಲದ ಜಾಗದಲ್ಲಿ ಹೋಗಿ ನಿಂತು, "ಕೌದಿ ತರ್ರೇ ಯವ್ವಾ!" ಅಂತ ಕೂಗಿದಳು.

ಹೆಂಗಸರು ನಿಂತಲ್ಲೇ ನಿಂತರು. ಯಾರು ಹಾಸಿಯಾರು ಆ ಹಾಸಿಗೆ?

ಆಗ ಅತ್ತೆ ಗಿರಿಯವ್ವ ಬಂದಳು. ಅಟ್ಟದ ಮೇಲೆ ಸಾವಿಗೆಂದು ಕಟ್ಟಿಟ್ಟಿದ್ದ ದಪ್ಪ ಕೌದಿಯನ್ನು ದರದರ ಎಳೆದುಕೊಂಡು ಬಂದಳು. "ನನ್ನ ಹೆಣಕ್ಕಂತ ಇಟ್ಟಿದ್ದೆ. ನಾ ಸಾಯೂದು ಇನ್ನ ತಡ ಐತಿ. ಹಾಸ್ರೇ!"

ಆಮೇಲೆ ಯಾರ ಕಾಲೂ ನಿಲ್ಲಲಿಲ್ಲ. ಬಾಣಂತಿಯ ಕೌದಿ, ಮದುವೆಯ ಕೌದಿ, ಎಲ್ಲ ಬಂದು ಬಿದ್ದವು. ಕೊಡಲಿಕಲ್ಲೊಂದನ್ನು ಬಿಟ್ಟು ಸುತ್ತ ಎಲ್ಲ ಕೌದಿಯೇ. ಅದು ಎಷ್ಟು ಹಾಕಿದರೂ ಜಾರಿಸಿ ತಲೆ ಎತ್ತುತ್ತಿತ್ತು.

"ಕೈ ಬಿಡ್ರಿ!" ಅಂದಳು ಹುಲಿಗೆವ್ವ.

"ಬಿಡಂಗಿಲ್ಲ! ಕೆಳಗ ಯಾರದೀರಿ?"

"ನಾ ಅದೀನಿ."

"ಅತ್ತ ಸರಿ ಹುಲಿಗಿ, ನಿನ್ನ ಮ್ಯಾಲೆ ಬೀಳ್ತೀನಿ!"

"ಬೀಳ್ರಿ ಅಂತನ ನಿಂತೀನಿ!"

ಆದರೂ ಅವನು ಬಿಡಲಿಲ್ಲ. ತೋಳು ನಡುಗುತ್ತಿತ್ತು. ಇನ್ನು ಸ್ವಲ್ಪ ಹೊತ್ತಾದರೆ ತೋಳು ಸೋತು ಹೇಗೆಂದರೆ ಹಾಗೆ ಬೀಳುತ್ತಾನೆ ಅನ್ನೋದು ಅವಳಿಗೆ ಗೊತ್ತಾಯಿತು. ಲಗ್ನದ ದಿನ ಹಿರಿಯರು ಎಷ್ಟು ಕಾಡಿದರೂ ಗಂಡನ ಹೆಸರು ಹೇಳದೆ ಓಡಿಹೋಗಿದ್ದವಳು ಅವಳು. ಈಗ ಊರೆಲ್ಲ ನಿಂತಿರುವಾಗ, ಅತ್ತೆಯ ಎದುರಿಗೆ, ಬಾಯಿ ಬಿಟ್ಟು ಕೂಗಿದಳು:

"ಯಂಕೋಬಾ! ಬಿಡೋ!"

ಯಂಕೋಬ ಬೆಚ್ಚಿಬಿದ್ದ. ಬೆಚ್ಚಿದ್ದಕ್ಕೇ ಬೆರಳು ಸಡಿಲಾಯಿತು ಅಂತಾರೆ.

ಅವಳು ಎರಡೂ ಕೈ ಎತ್ತಿ ನಿಂತಿದ್ದಳು. ಮೊರದಲ್ಲಿ ಜೋಳ ಹಿಡಿದ ಹಾಗೆ ಹಿಡಿದಳು ಅಂತಾರೆ ಕೆಲವರು. ಕೌದಿಗಳೇ ಹಕ್ಕಿಯ ಹಾಗೆ ಮೇಲೆದ್ದು ಹಿಡಿದವು ಅಂತಾರೆ ಇನ್ನು ಕೆಲವರು. ಅವಳನ್ನು ಕೇಳಿದರೆ, "ಆ ಮೈ ಯಾರು ಹಿಡೀತಾರ? ದೂಡಿದೆ ಅಷ್ಟ," ಅನ್ನುತ್ತಿದ್ದಳಂತೆ. ಕೊಡಲಿಕಲ್ಲಿನ ಕಡೆ ಬರುತ್ತಿದ್ದ ಬೆನ್ನನ್ನು ಅಂಗೈಯಿಂದ ಕೌದಿಯ ಕಡೆಗೆ ದೂಡಿದಳು. ಇಬ್ಬರೂ ಕೌದಿಯ ಮೇಲೆ ಬಿದ್ದರು. ಧೂಳು ಎದ್ದಿತು.

ಧೂಳಿನೊಳಗಿಂದ ಯಂಕೋಬನ ದನಿ ಬಂತು. "ಯವ್ವಾ, ನಿನ್ನ ಕೌದಿಯಾಗ ತಿಗಣಿ ಅದಾವ."

ಊರಿಗೆ ಊರೇ ನಕ್ಕಿತು. ಗಿರಿಯವ್ವ ಮಗನ ತಲೆ ಸವರಿದಳು, ಅದೇ ಕೈಯಿಂದ ಒಂದು ಮೊಟಕಿದಳು. ಹುಲಿಗೆವ್ವ ಮಾತ್ರ ಕೂತಲ್ಲೇ ಕೂತಿದ್ದಳು. ಅಪ್ಪ ಬಿದ್ದ ದಿನದಿಂದ ಎದೆಯೊಳಗೆ ಸಿಕ್ಕಿಕೊಂಡಿದ್ದ ಉಸಿರೊಂದು ಆಗ ಹೊರಗೆ ಬಂತು. ಆ ಗಾಳಿಗೆ ಕೆರೆಯ ನೀರು ಅಲುಗಿತು ಅಂತಾರೆ.

ಮರುದಿನ ಯಂಕೋಬ ಮತ್ತೆ ಹತ್ತಿದ, ಮತ್ತೆ ಬಿದ್ದ. ಬಿದ್ದರೆ ಏನಾಗುತ್ತೆ ಅಂತ ಗೊತ್ತಾದ ಮೇಲೆ ಕೈಗೆ ಬೆವರು ಬರಲಿಲ್ಲ. ಬಿದ್ದೂ ಬಿದ್ದೂ ಆ ಹೊಟ್ಟೆಯ ಗುಟ್ಟು ಕಲಿತ. ಹುಲಿಗೆವ್ವನ ಜೊತೆಗೆ ಪಂಪಣ್ಣನೂ ಕೈ ಎತ್ತಿ ಕೆಳಗೆ ನಿಲ್ಲತೊಡಗಿದ. ಒಂದು ಬೆಳಿಗ್ಗೆ ಯಂಕೋಬ ತುದಿ ಮುಟ್ಟಿದ.

"ಮ್ಯಾಲೇನೈತ್ರಿ?" ಅಂತ ಕೆಳಗಿನಿಂದ ಹುಲಿಗೆವ್ವ ಕೇಳಿದಳು.

"ಗಾಳಿ ಐತಿ. ಮತ್ತ ನಮ್ಮನಿ ಕಾಣತೈತಿ."

ಹತ್ತಿದವನು ಯಂಕೋಬ. ಆದರೆ ಆ ಬಂಡೆಗೆ ಇವತ್ತಿಗೂ ಕೌದಿಗುಂಡು ಅಂತಲೇ ಹೆಸರು. ಗುಂಡುಗೇರಿಗೆ ಬಂದ ಸೊಸೆ ತನ್ನ ತವರಿನ ಸೀರೆಯ ಒಂದು ತುಂಡನ್ನು, ಬಂಡೆಯ ಕೆಳಗೆ ಹಾಸುವ ಊರ ಕೌದಿಗೆ ಹೊಲಿಯುತ್ತಾಳೆ. ಹತ್ತುವವರು, "ಕೆಳಗ ಯಾರದೀರಿ?" ಅಂತ ಕೇಳದೆ, ಉತ್ತರ ಬಾರದೆ, ನೆಲದಿಂದ ಕಾಲು ಎತ್ತುವುದಿಲ್ಲ. ಈಗೀಗ ದೂರದ ಪಟ್ಟಣದ ಹುಡುಗ ಹುಡುಗಿಯರು ಬೆನ್ನ ಮೇಲೆ ದಪ್ಪ ಹಾಸಿಗೆ ಹೊತ್ತು, ಕೈಗೆ ಬಿಳಿ ಪುಡಿ ಬಳಿದುಕೊಂಡು ಬಂಡೆ ಹತ್ತಲು ಬರುತ್ತಾರೆ. ಊರವರು ಅವರಿಗೂ ಈ ಮಾತನ್ನು ಕಲಿಸಿ ಕಳಿಸುತ್ತಾರೆ.

ಅವರ ಪಟ್ಟಣದಲ್ಲಿ ಬಂಡೆಯಿಲ್ಲ. ದೊಡ್ಡದೊಂದು ಶೆಡ್ಡಿನೊಳಗೆ ಹತ್ತಲಿಕ್ಕೆಂದೇ ಕಟ್ಟಿದ ಹಲಗೆಯ ಗೋಡೆ, ಗೋಡೆಗೆ ಬಣ್ಣಬಣ್ಣದ ಹಿಡಿಕೆ, ನೆಲದ ತುಂಬ ಮೆತ್ತನೆ ಹಾಸಿಗೆ. ಅಲ್ಲಿ ಬಿದ್ದರೆ ಯಾರಿಗೂ ಏನೂ ಆಗುವುದಿಲ್ಲವಂತೆ. ಆದರೂ ಗೋಡೆಗೆ ಕೈ ಇಡುವ ಮುಂಚೆ ಯಾರೋ ಒಬ್ಬರು ಹಿಂದೆ ತಿರುಗಿ, "ಕೆಳಗ ಯಾರದೀರಿ?" ಅಂತ ಕೇಳುತ್ತಾರಂತೆ.

ಮೂಲೆಯಲ್ಲಿ ಬೂಟಿನ ದಾರ ಕಟ್ಟುತ್ತಾ ಕೂತ, ಗುರುತಿಲ್ಲದ ಯಾರೋ ಎದ್ದು ಬಂದು, ಎರಡೂ ಕೈ ಎತ್ತಿ ಹೇಳುತ್ತಾರಂತೆ: "ನಾ ಅದೀನಿ."